ಅಧಿಕಾರ ಕೊಟ್ಟವರು ಯಾರು?

2011ರ ಜುಲೈ ಕೊನೆಯ ವಾರ. ಹೊಸಪೇಟೆಯ ನಮ್ಮ ಮನೆಯ ಮುಂದಿನ ಬಯಲಿನಲ್ಲಿ ಅಣ್ಣನ ಲಾರಿ ನಿಂತಿತ್ತು. ಸಾಲ ಮಾಡಿ ಕೊಂಡ ಹಳೆಯ ಲಾರಿ ಅದು. ಸಂಡೂರಿನ ಗುಡ್ಡಗಳಿಂದ ಅದಿರು ಹೊತ್ತು ಹೊತ್ತು ಅದರ ಮೂಲ ಬಣ್ಣ ಯಾವುದೆಂದೇ ಮರೆತುಹೋಗಿತ್ತು. ಟೈರಿನಿಂದ ಟಾಪಿನವರೆಗೆ ಕೆಂಪು. ಹಗಲು ಹೊತ್ತಿನಲ್ಲಿ ಅದು ಮನೆ ಮುಂದೆ ನಿಂತದ್ದನ್ನು ನಾನು ನೋಡಿದ್ದೇ ಕಡಿಮೆ. ಆ ದಿನ ನಿಂತಿತ್ತು. ಬಳ್ಳಾರಿ ಜಿಲ್ಲೆಯಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ನಿಲ್ಲಿಸಬೇಕೆಂದು ಜುಲೈ 29ರಂದು ಸುಪ್ರೀಂ ಕೋರ್ಟ್ ಆದೇಶ ಮಾಡಿತ್ತು.

ರಾತ್ರಿ ಊಟಕ್ಕೆ ಕೂತಾಗ ಅಣ್ಣ ತಟ್ಟೆ ಮುಟ್ಟಲಿಲ್ಲ. ನನ್ನ ಕಡೆ ತಿರುಗಿ, "ನೀ ಕಾಲೇಜಿನ್ಯಾಗ ಪಾಠ ಮಾಡ್ತೀಯಲ್ಲ, ಹೇಳು. ನಮ್ಮ ಗಾಡಿ ನಿಂದ್ರಸಾಕ ಅವ್ರಿಗೆ ಅಧಿಕಾರ ಕೊಟ್ಟೋರು ಯಾರು?" ಎಂದ.

ನಾನು ಇತಿಹಾಸದ ಮೇಷ್ಟ್ರು. ಪೌರನೀತಿಯ ಪಾಠವನ್ನೂ ನಮ್ಮಂಥವರೇ ಮಾಡುವುದು ರೂಢಿ. ಪ್ರತಿವರ್ಷ ಬೋರ್ಡಿನ ಮೇಲೆ ಮೂರು ವೃತ್ತ ಬರೆದು, ಒಂದರಲ್ಲಿ ಶಾಸಕಾಂಗ, ಇನ್ನೊಂದರಲ್ಲಿ ಕಾರ್ಯಾಂಗ, ಮತ್ತೊಂದರಲ್ಲಿ ನ್ಯಾಯಾಂಗ ಎಂದು ಬರೆಯುತ್ತಿದ್ದೆ. ಮೊದಲನೆಯದು ಕಾನೂನು ಮಾಡುತ್ತದೆ, ಎರಡನೆಯದು ಜಾರಿಗೆ ತರುತ್ತದೆ, ಮೂರನೆಯದು ವ್ಯಾಖ್ಯಾನಿಸುತ್ತದೆ. ಐದು ಅಂಕದ ಪ್ರಶ್ನೆ. ಅಣ್ಣನಿಗೂ ಅದನ್ನೇ ಹೇಳಿದೆ: "ಸಂವಿಧಾನದ 32ನೇ ವಿಧಿ." ಅವನು ನನ್ನನ್ನೊಮ್ಮೆ ನೋಡಿ ಎದ್ದುಹೋದ. ನನ್ನ ಉತ್ತರದಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಅದು ಉತ್ತರವೂ ಆಗಿರಲಿಲ್ಲ.

ಅವನ ಪ್ರಶ್ನೆ ಅಂದಿನಿಂದ ನನ್ನ ಜೊತೆಗಿದೆ. ನಮ್ಮ ಸುತ್ತಲಿನ ಊರುಗಳಿಗೆ ಹೋದಾಗೆಲ್ಲ ಅದನ್ನು ಅಲ್ಲಲ್ಲಿ ಕೇಳಿಕೊಂಡು ನೋಡಿದ್ದೇನೆ. ಹೊಸಪೇಟೆಯನ್ನು ನಡುವೆ ಇಟ್ಟುಕೊಂಡರೆ ಹಂಪಿ, ಕಂಪ್ಲಿ, ಸಂಡೂರು ಎಲ್ಲವೂ ಒಂದು ತಾಸಿನೊಳಗಿನ ದಾರಿ. ಈ ಒಂದು ತಾಸಿನ ಸುತ್ತಳತೆಯಲ್ಲಿ ಏಳುನೂರು ವರ್ಷಗಳ ಉತ್ತರಗಳು ಸಿಗುತ್ತವೆ.

ಮೊದಲು ಕಂಪ್ಲಿ. ಈಗ ಭತ್ತ, ಬಾಳೆಗಳ ಹಸಿರು ಊರು. 1327ರಲ್ಲಿ ಇದು ಕಂಪಿಲಿರಾಯನ ರಾಜ್ಯ. ದೆಹಲಿಯ ಸುಲ್ತಾನ ಮುಹಮ್ಮದ್ ಬಿನ್ ತುಘಲಕ್‌ನ ಸೋದರ ಸಂಬಂಧಿ ಬಹಾವುದ್ದೀನ್ ಗುರ್ಶಾಸ್ಪ್ ಎಂಬವನು ಸಗರದಲ್ಲಿ ಅಧಿಕಾರಿಯಾಗಿದ್ದ. ಅವನು ಸುಲ್ತಾನನ ವಿರುದ್ಧ ಬಂಡೆದ್ದು, ಸೋತು, ಓಡಿಬಂದು ಕಂಪಿಲಿರಾಯನ ಆಶ್ರಯ ಕೇಳಿದ. ರಾಯ ಆಶ್ರಯ ಕೊಟ್ಟ. ದೆಹಲಿಯ ಸೈನ್ಯ ಬಂತು, ಮುತ್ತಿಗೆ ಹಾಕಿತು. ಇನ್ನು ಉಳಿಯುವುದಿಲ್ಲವೆಂದು ತಿಳಿದಾಗ ರಾಯ ತನ್ನ ಅತಿಥಿಯನ್ನು ಹೊಯ್ಸಳ ಬಲ್ಲಾಳನ ಕಡೆಗೆ ಸಾಗಹಾಕಿದ. ಹೆಂಗಸರು ಬೆಂಕಿಗೆ ಬಿದ್ದರು, ರಾಯ ಹೋರಾಡಿ ಸತ್ತ. ಬಲ್ಲಾಳನು ಅತಿಥಿಯನ್ನು ಸುಲ್ತಾನನಿಗೆ ಒಪ್ಪಿಸಿಬಿಟ್ಟ. ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ ಈ ಕಥೆಯನ್ನು ಬರೆದಿಟ್ಟಿದ್ದಾನೆ.

ನಾವು ಕಂಪಿಲಿರಾಯನನ್ನು ಹೊಗಳುತ್ತೇವೆ. ಹೊಗಳಬೇಕಾದದ್ದೇ. ನಂಬಿ ಬಂದವನನ್ನು ಬಿಟ್ಟುಕೊಡದ ರಾಜ ಅವನು. ಬಲ್ಲಾಳನನ್ನು ತೆಗಳುತ್ತೇವೆ. ಆದರೆ ಇಬ್ಬರ ನಿರ್ಧಾರಗಳಲ್ಲಿ ಸಮಾನವಾದ ಸಂಗತಿಯೊಂದಿದೆ. ಎರಡೂ ಒಬ್ಬೊಬ್ಬನೇ ಮಾಡಿದ ನಿರ್ಧಾರಗಳು. ಕಂಪ್ಲಿಯ ಗದ್ದೆಯಲ್ಲಿ ನಾಟಿ ಮಾಡುತ್ತಿದ್ದ ಒಬ್ಬ ರೈತ "ಈ ಯುದ್ಧ ನಮಗೆ ಬೇಕೋ ಬೇಡವೋ" ಎಂದು ಕೇಳಲು ಜಾಗವೇ ಇರಲಿಲ್ಲ. ಗುರ್ಶಾಸ್ಪ್ ಕೂಡ "ನನ್ನನ್ನು ಒಪ್ಪಿಸಲು ನಿನಗೆ ಯಾವ ಅಧಿಕಾರ" ಎಂದು ಬಲ್ಲಾಳನನ್ನು ಕೇಳುವಂತಿರಲಿಲ್ಲ. ಇಂದಿನ ಸಂವಿಧಾನದಲ್ಲಿ ಯುದ್ಧ, ವಿದೇಶಾಂಗ ವ್ಯವಹಾರ, ಒಬ್ಬನನ್ನು ಬೇರೆ ದೇಶಕ್ಕೆ ಒಪ್ಪಿಸುವುದು ಎಲ್ಲ ಕೇಂದ್ರ ಪಟ್ಟಿಯ ವಿಷಯಗಳು. ನಿರ್ಧಾರ ಮಾಡುವ ಮಂತ್ರಿಮಂಡಲ ಲೋಕಸಭೆಗೆ ಉತ್ತರ ಹೇಳಬೇಕು. ಜೀವ ಮತ್ತು ಸ್ವಾತಂತ್ರ್ಯವನ್ನು ಕಾಯುವ 21ನೇ ವಿಧಿ "ಯಾವುದೇ ಪೌರ" ಎನ್ನುವುದಿಲ್ಲ, "ಯಾವುದೇ ವ್ಯಕ್ತಿ" ಎನ್ನುತ್ತದೆ. ಓಡಿಬಂದ ಪರದೇಶಿಯೂ ಕೋರ್ಟಿನ ಬಾಗಿಲು ತಟ್ಟಬಹುದು. ಅವನು ಗೆಲ್ಲುತ್ತಾನೆಂದೇನೂ ಅಲ್ಲ. ಆದರೆ ಕೇಳಬಹುದು.

ಕಂಪ್ಲಿಯಿಂದ ಹಂಪಿಗೆ ಬಂದರೆ ರಾಜನ ಮಾತಿಗೆ ಇನ್ನೂ ದೊಡ್ಡ ಗಾತ್ರ. ವಿಜಯನಗರದ ಅರಸರು ಕಾನೂನಿಲ್ಲದ ಅರಸರಾಗಿರಲಿಲ್ಲ. ಪರಾಶರಸ್ಮೃತಿಗೆ ವ್ಯಾಖ್ಯಾನ ಬರೆದ ಮಾಧವಾಚಾರ್ಯರು ಅದರಲ್ಲಿ ವ್ಯವಹಾರಕಾಂಡವನ್ನೇ ಬರೆದರು. ಅದು ವ್ಯಾಜ್ಯ, ಸಾಕ್ಷಿ, ತೀರ್ಪುಗಳ ಶಾಸ್ತ್ರ. ಅರಸ ಧರ್ಮಕ್ಕೆ ಅಧೀನ ಎಂಬ ಮಾತು ಶಾಸನಗಳಲ್ಲೂ ಇದೆ, ಜನರ ನಾಲಿಗೆಯಲ್ಲೂ ಇತ್ತು. ಅವರು ತೋಡಿಸಿದ ಕಾಲುವೆಗಳು ಇವತ್ತಿಗೂ ಹಂಪಿ, ಹೊಸಪೇಟೆ, ಕಂಪ್ಲಿಯ ಗದ್ದೆಗಳಿಗೆ ನೀರು ಹರಿಸುತ್ತಿವೆ. ಆ ನೀರು ಕುಡಿದು ಬೆಳೆದವನು ನಾನು, ಅವರನ್ನು ಹಗುರವಾಗಿ ಮಾತಾಡಲಾರೆ.

ಆದರೆ ಅರಸ ಧರ್ಮ ತಪ್ಪಿದರೆ ಕೇಳುವವರು ಯಾರು? ಕೃಷ್ಣದೇವರಾಯನ ಕಾಲದಲ್ಲಿ ಇಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಒಂದು ದೊಡ್ಡ ಕೆರೆ ಕಟ್ಟುತ್ತಿದ್ದುದನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಹದಿನೈದು ಇಪ್ಪತ್ತು ಸಾವಿರ ಜನ ಇರುವೆಗಳ ಹಾಗೆ ಕೆಲಸ ಮಾಡುತ್ತಿದ್ದರಂತೆ. ಕೆರೆ ಎರಡು ಮೂರು ಸಲ ಒಡೆಯಿತು. ದೇವರಿಗೆ ಕೋಪ ಬಂದಿದೆಯೆಂದು ಬಲ್ಲವರು ಹೇಳಿದರು. ಆಗ ಅರಸನ ಅಪ್ಪಣೆಯಂತೆ ಅರವತ್ತು ಮನುಷ್ಯರ, ಕೆಲವು ಕುದುರೆ ಕೋಣಗಳ ತಲೆ ಕಡಿಯಲಾಯಿತು ಎಂದು ಪಾಯಸ್ ಹೇಳುತ್ತಾನೆ.

ಕೆಲವು ವರ್ಷಗಳ ನಂತರ ಬರೆದ ಕುದುರೆ ವ್ಯಾಪಾರಿ ನೂನಿಜ್ ಇನ್ನೊಂದು ಕಥೆ ಹೇಳುತ್ತಾನೆ. ಎಳೆಯ ರಾಜಕುಮಾರ ಸತ್ತಾಗ ವಿಷದ ಅನುಮಾನ ಮಹಾಮಂತ್ರಿ ಸಾಳ್ವ ತಿಮ್ಮರಸನ ಮನೆಯವರ ಮೇಲೆ ಬಂತು. ಕೃಷ್ಣದೇವರಾಯ ಅವರನ್ನು ಸೆರೆಗೆ ಹಾಕಿಸಿದ, ಕೊನೆಗೆ ತಿಮ್ಮರಸನ ಕಣ್ಣು ಕೀಳಿಸಿದ. ಈ ಕಥೆಯನ್ನು ನಾವು ನಾಟಕವಾಗಿ, ಸಿನಿಮಾವಾಗಿ ನೋಡಿ ಅತ್ತಿದ್ದೇವೆ. ನಾನು ತರಗತಿಯಲ್ಲಿ ಇದನ್ನು ಬೇರೆ ರೀತಿ ಕೇಳುತ್ತೇನೆ. ಇಲ್ಲಿ ದೂರು ಕೊಟ್ಟವರು ಯಾರು? ಮಗನನ್ನು ಕಳೆದುಕೊಂಡ ತಂದೆ. ವಿಚಾರಣೆ ಮಾಡಿದವರು? ಅದೇ ತಂದೆ. ಶಿಕ್ಷೆ ವಿಧಿಸಿದವರು? ಅವನೇ. ಜಾರಿ ಮಾಡಿದವರು? ಅವನ ಆಳುಗಳು. ಕ್ಷಮಿಸಬಹುದಾಗಿದ್ದವನು? ಅವನೊಬ್ಬನೇ. ಹುಡುಗರು ಒಂದು ಕ್ಷಣ ಸುಮ್ಮನಾಗುತ್ತಾರೆ. ಆಮೇಲೆ ನಾನು ಬೋರ್ಡಿನ ಮೇಲೆ ಮೂರು ವೃತ್ತ ಬರೆಯುತ್ತೇನೆ. ಈಗ ಅವು ಐದು ಅಂಕದ ಚಿತ್ರದಂತೆ ಕಾಣುವುದಿಲ್ಲ.

ಕೃಷ್ಣದೇವರಾಯ ಕೆಟ್ಟವನಾಗಿರಲಿಲ್ಲ ಎಂಬುದೇ ಇಲ್ಲಿ ಮುಖ್ಯ. ಕೆಟ್ಟ ರಾಜನ ಕೈಯಲ್ಲಿ ಎಲ್ಲ ಅಧಿಕಾರ ಇರಬಾರದು ಎಂದು ಯಾರಾದರೂ ಹೇಳುತ್ತಾರೆ. ಒಳ್ಳೆಯವನ ಕೈಯಲ್ಲೂ ಇರಬಾರದು ಎನ್ನುವುದು ಸಂವಿಧಾನದ ತಿಳಿವಳಿಕೆ. ನ್ಯಾಯಾಂಗವನ್ನು ಕಾರ್ಯಾಂಗದಿಂದ ಬೇರ್ಪಡಿಸಲು ರಾಜ್ಯ ಕ್ರಮ ಕೈಗೊಳ್ಳಬೇಕು ಎಂದು ನಮ್ಮ ಸಂವಿಧಾನದ 50ನೇ ವಿಧಿ ಹೇಳುವುದು ಇದಕ್ಕಾಗಿ.

ಒಳ್ಳೆಯ ಅರಸನ ಮಾತು ಬಂದದ್ದರಿಂದ ಸಂಡೂರಿಗೆ ಹೋಗೋಣ. ಬಳ್ಳಾರಿ ಜಿಲ್ಲೆಯ ಹೊಟ್ಟೆಯೊಳಗೆ ಗುಡ್ಡಗಳಿಂದ ಸುತ್ತುವರಿದ ಕಣಿವೆ ಅದು. ಸುತ್ತ ಬ್ರಿಟಿಷರ ಮದ್ರಾಸ್ ಪ್ರಾಂತ್ಯ, ನಡುವೆ ಘೋರ್ಪಡೆ ಮನೆತನದ ಪುಟ್ಟ ಸಂಸ್ಥಾನ. ವಿಸ್ತೀರ್ಣ ಸುಮಾರು 160 ಚದರ ಮೈಲಿ. 1901ರ ಜನಗಣತಿಯಲ್ಲಿ ಹನ್ನೊಂದು ಸಾವಿರದಷ್ಟು ಜನ. ಈ ಸಂಸ್ಥಾನಕ್ಕೆ ಅಧಿಕಾರ ಕೊಟ್ಟವರು ಯಾರು ಎಂಬ ಪ್ರಶ್ನೆಗೆ ಕಾಗದದ ಮೇಲೆ ಉತ್ತರವಿತ್ತು. 1826ರಲ್ಲಿ ಮದ್ರಾಸ್ ಸರ್ಕಾರ ಶಿವರಾವ್ ಘೋರ್ಪಡೆಗೆ ಕೊಟ್ಟ ಸನದು. ಮೇಲಿನವರು ಕೆಳಗಿನವರಿಗೆ ಕೊಟ್ಟ ಅಧಿಕಾರ. ಬಳ್ಳಾರಿಯ ಕಲೆಕ್ಟರು ಬಹುಕಾಲ ಅದರ ಮೇಲೆ ಕಣ್ಣಿಟ್ಟಿರುತ್ತಿದ್ದರು. ಜನರ ಹೆಸರು ಆ ಕಾಗದದಲ್ಲಿ ಇರಲಿಲ್ಲ.

ಈ ಪುಟ್ಟ ಸಂಸ್ಥಾನ ಒಂದು ದೊಡ್ಡ ಕೆಲಸ ಮಾಡಿತು. 1930ರ ದಶಕದ ಮೊದಲ ವರ್ಷಗಳಲ್ಲಿ, ತಿರುವಾಂಕೂರಿನ ಪ್ರಸಿದ್ಧ ದೇವಾಲಯ ಪ್ರವೇಶ ಘೋಷಣೆಗೂ ಮುಂಚೆ, ಸಂಡೂರಿನ ಅರಸ ಯಶವಂತರಾವ್ ಘೋರ್ಪಡೆ ಇಲ್ಲಿನ ದೇವಾಲಯಗಳನ್ನು ಅಸ್ಪೃಶ್ಯರೆನಿಸಿಕೊಂಡವರಿಗೆ ತೆರೆದರು. 1934ರಲ್ಲಿ ಹರಿಜನ ಯಾತ್ರೆಯ ಹಾದಿಯಲ್ಲಿ ಗಾಂಧೀಜಿ ಸಂಡೂರಿಗೆ ಬಂದರು, ಆ ಕಣಿವೆಯನ್ನು ಮೆಚ್ಚಿದರು. ಸಂಡೂರಿನವರು ಇದನ್ನು ಇಂದಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ.

ಆ ಹೆಮ್ಮೆಯಲ್ಲಿ ನನಗೂ ಪಾಲಿದೆ. ಆದರೂ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಅರಸ ತೆರೆದ ಬಾಗಿಲನ್ನು ಅರಸನೇ ಮುಚ್ಚಬಹುದಿತ್ತು. ಅವರು ಮುಚ್ಚಲಿಲ್ಲ, ಅದು ಅವರ ದೊಡ್ಡತನ. ಅವರ ನಂತರದವರು ಮುಚ್ಚಿದ್ದರೆ? 1949ರ ಏಪ್ರಿಲ್ 1ರಂದು ಸಂಡೂರು ಮದ್ರಾಸ್ ಪ್ರಾಂತ್ಯದಲ್ಲಿ ವಿಲೀನವಾಯಿತು. ಅದೇ ವರ್ಷದ ನವೆಂಬರ್ 26ರಂದು ಸಂವಿಧಾನ ಸಭೆ ಸಂವಿಧಾನವನ್ನು ಅಂಗೀಕರಿಸಿತು. 1950ರ ಜನವರಿ 26ರಿಂದ ಅದು ಜಾರಿಗೆ ಬಂತು. 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. 25ನೇ ವಿಧಿ ಹಿಂದೂ ದೇವಾಲಯಗಳನ್ನು ಎಲ್ಲ ವರ್ಗದವರಿಗೂ ತೆರೆಯುವ ಕಾನೂನು ಮಾಡಲು ದಾರಿ ಮಾಡಿತು. ಅರಸರ ಕಾಲದಲ್ಲಿ ಸಂಡೂರಿನ ದಲಿತನೊಬ್ಬ ಗುಡಿಯೊಳಗೆ ಹೋಗಿದ್ದು ಅರಸನ ಕೃಪೆಯಿಂದ, ಸಂವಿಧಾನ ಬಂದ ಮೇಲೆ ತನ್ನ ಹಕ್ಕಿನಿಂದ. ಮೆಟ್ಟಿಲುಗಳು ಅವೇ, ದೇವರೂ ಅದೇ. ಆದರೆ ಕೃಪೆಗೆ ಕೈ ಮುಗಿಯಬೇಕು, ಹಕ್ಕಿಗೆ ಮುಗಿಯಬೇಕಿಲ್ಲ.

ಸಂವಿಧಾನ ಎಂದರೇನು ಎಂದು ಕೇಳಿದರೆ ವಿದ್ಯಾರ್ಥಿಗಳು "ಕಾನೂನುಗಳ ದೊಡ್ಡ ಪುಸ್ತಕ" ಎನ್ನುತ್ತಾರೆ. ಪೂರ್ತಿ ಸರಿಯಲ್ಲ. ಕಳ್ಳತನ ಮಾಡಬಾರದು, ಸಿಗ್ನಲ್ ದಾಟಬಾರದು ಎಂದು ನಮಗೆ ಹೇಳುವುದು ಸಾಮಾನ್ಯ ಕಾನೂನು. ಆ ಕಾನೂನು ಮಾಡುವವರಿಗೆ, ಜಾರಿ ಮಾಡುವವರಿಗೆ, ತೀರ್ಪು ಕೊಡುವವರಿಗೆ ನೀವು ಇಲ್ಲಿಯವರೆಗೆ ಮಾತ್ರ ಬರಬಹುದು ಎಂದು ಹೇಳುವುದು ಸಂವಿಧಾನ. ಅಂಗೀಕಾರವಾದಾಗ ಅದರಲ್ಲಿ 395 ವಿಧಿಗಳು, 8 ಅನುಸೂಚಿಗಳು ಇದ್ದವು. ಅದರ ಪೀಠಿಕೆ ಶುರುವಾಗುವುದು ಭಾರತದ ಜನರಾದ ನಾವು ಎಂಬ ಅರ್ಥದ ಮಾತಿನಿಂದ. ಸಂಡೂರಿನ ಸನದು ಮೇಲಿನಿಂದ ಕೆಳಕ್ಕೆ ಇಳಿದಿತ್ತು. ಈ ಹೊಸ ಸನದು ಕೆಳಗಿನಿಂದ ಮೇಲಕ್ಕೆ ಹತ್ತಿತು. ಕೊಟ್ಟವರು ನಾವು, ಪಡೆದವರು ದೆಹಲಿ ಮತ್ತು ಬೆಂಗಳೂರು. ಅರಮನೆಯವರೂ ಇನ್ನು ಮುಂದೆ ಮತ ಕೇಳಿಯೇ ಅಧಿಕಾರಕ್ಕೆ ಬರಬೇಕಾಯಿತು, ಬಂದರು ಕೂಡ. 2008ರಿಂದ ಸಂಡೂರು ವಿಧಾನಸಭಾ ಕ್ಷೇತ್ರ ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿದೆ. ನೂರು ವರ್ಷಗಳ ಹಿಂದೆ ಈ ಮಾತು ಹೇಳಿದ್ದರೆ ಕಣಿವೆಯಲ್ಲಿ ಯಾರೂ ನಂಬುತ್ತಿರಲಿಲ್ಲ.

ಇನ್ನು ನನ್ನ ಊರು. ಹೊಸಪೇಟೆಯ ಜೀವ ಇರುವುದು ತುಂಗಭದ್ರಾ ಅಣೆಕಟ್ಟಿನಲ್ಲಿ. 1945ರಲ್ಲಿ ಕೆಲಸ ಶುರುವಾದಾಗ ನದಿಯ ಒಂದು ದಡ ಹೈದರಾಬಾದ್ ನಿಜಾಮನದು, ಇನ್ನೊಂದು ದಡ ಬ್ರಿಟಿಷ್ ಮದ್ರಾಸಿನದು. ಅಣೆಕಟ್ಟು ಮುಗಿಯುವ ಹೊತ್ತಿಗೆ ನಿಜಾಮನೂ ಇರಲಿಲ್ಲ, ಬ್ರಿಟಿಷರೂ ಇರಲಿಲ್ಲ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿತು. ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅತ್ತ ಹೋದವು. ಹೊಸಪೇಟೆ, ಸಂಡೂರು ಮೊದಲಾದವು ಮೈಸೂರು ರಾಜ್ಯಕ್ಕೆ ಬಂದವು. ಬಳ್ಳಾರಿ ತಾಲ್ಲೂಕು ಯಾರಿಗೆ ಎಂಬ ಜಗಳವನ್ನು ನ್ಯಾಯಮೂರ್ತಿ ಮಿಶ್ರಾ ಅವರು ವಿಚಾರಣೆ ನಡೆಸಿ ವರದಿ ಕೊಟ್ಟ ಮೇಲೆ ಬಗೆಹರಿಸಲಾಯಿತು.

ಗಡಿ ಗೆರೆ ಎಳೆಯುವುದು ಹಿಂದೆ ಸೈನ್ಯದ ಕೆಲಸ. ಈ ನೆಲಕ್ಕಾಗಿ ಬಹಮನಿಗಳೂ ವಿಜಯನಗರದವರೂ ಎಷ್ಟು ಹೆಣ ಉರುಳಿಸಿದ್ದಾರೆ! 1953ರಲ್ಲಿ ಅದು ಸಂಸತ್ತಿನ ಒಂದು ಕಾಯ್ದೆಯಿಂದ ಆಯಿತು. ಹೊಸ ರಾಜ್ಯ ರಚಿಸುವ, ಗಡಿ ಬದಲಿಸುವ ಅಧಿಕಾರವನ್ನು ಸಂವಿಧಾನದ 3ನೇ ವಿಧಿ ಸಂಸತ್ತಿಗೆ ಕೊಟ್ಟಿದೆ. ನೋವು ಆಗಲಿಲ್ಲವೆಂದಲ್ಲ. ರಾಯದುರ್ಗದ, ಆದೋನಿಯ ಕನ್ನಡಿಗರನ್ನು ಕೇಳಿ ನೋಡಿ. ಅದೇ ಕಾಯ್ದೆಯ 66ನೇ ಸೆಕ್ಷನ್ ಅಡಿಯಲ್ಲಿ ಎರಡೂ ರಾಜ್ಯಗಳ ನಡುವೆ ಅಣೆಕಟ್ಟನ್ನು ನೋಡಿಕೊಳ್ಳಲು ತುಂಗಭದ್ರಾ ಮಂಡಳಿ ಬಂತು. ನೀರಿನ ಪಾಲಿನ ಜಗಳಕ್ಕೆ ನ್ಯಾಯಮಂಡಳಿ ಬಂತು. ಗಮನಿಸಿ: ಕಾಯ್ದೆ ಮಾಡಿದ್ದು ಶಾಸಕಾಂಗ, ಗೇಟು ಎತ್ತಿ ಇಳಿಸುವುದು ಕಾರ್ಯಾಂಗ, ಪಾಲು ತೀರ್ಮಾನಿಸಿದ್ದು ನ್ಯಾಯಾಧೀಶರು. ಹೊಸಪೇಟೆಯ ಮಕ್ಕಳಿಗೆ ಮೂರು ಅಂಗಗಳನ್ನು ತೋರಿಸಲು ಬೋರ್ಡು ಬೇಕಿಲ್ಲ, ಅಣೆಕಟ್ಟಿನ ಮೇಲೆ ಕರೆದುಕೊಂಡು ಹೋದರೆ ಸಾಕು.

2024ರ ಆಗಸ್ಟ್ 10ರ ರಾತ್ರಿ ಆ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು ಸರಪಳಿ ಕಡಿದು ಕೊಚ್ಚಿಹೋಯಿತು. ತುಂಬಿದ ಜಲಾಶಯ. ಊರಿಗೆ ಊರೇ ನಿದ್ದೆಗೆಟ್ಟಿತು. ಒಂದು ವಾರದೊಳಗೆ ತಜ್ಞರು, ಕಾರ್ಮಿಕರು ಸೇರಿ ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಕೂರಿಸಿದರು. ಆ ದಿನಗಳಲ್ಲಿ ನನಗೆ ಪಾಯಸ್ ನೋಡಿದ ಕೆರೆ ನೆನಪಾಗುತ್ತಿತ್ತು. ಅಂದು ಕೆರೆ ಒಡೆದಾಗ ಜನ ಕೇಳಿದ್ದು ದೇವರಿಗೆ ಏನು ಬೇಕೆಂದು. ಈ ಸಲ ಚಹದ ಅಂಗಡಿಯಲ್ಲಿ ಕೂತವನೂ ಕೇಳುತ್ತಿದ್ದ: "ಸರಪಳಿ ಕೊನೆಗೆ ಯಾವಾಗ ಪರೀಕ್ಷೆ ಮಾಡಿದ್ರು? ಮಾಡಬೇಕಾದವರು ಯಾರು?" ಕೃಷ್ಣದೇವರಾಯನಿಗಿಂತ ನಮ್ಮ ಅಧಿಕಾರಿಗಳು ಬುದ್ಧಿವಂತರು ಎಂದು ನಾನು ಹೇಳುತ್ತಿಲ್ಲ. ಆ ಚಹದ ಅಂಗಡಿಯವನು ಪೌರನಾಗಿದ್ದಾನೆ ಎನ್ನುತ್ತಿದ್ದೇನೆ.

ಈಗ ಅಣ್ಣನ ಲಾರಿಗೆ ಬರುತ್ತೇನೆ.

ಸಂಡೂರಿನ ಅದಿರಿನ ಮೇಲೆ ಅಧಿಕಾರ ಯಾರದು? ಸಂವಿಧಾನದ ಏಳನೇ ಅನುಸೂಚಿ ಗಣಿಯ ವಿಷಯವನ್ನು ಕೇಂದ್ರಕ್ಕೂ ರಾಜ್ಯಕ್ಕೂ ಹಂಚಿದೆ. 1957ರ ಗಣಿ ಮತ್ತು ಖನಿಜ ಕಾಯ್ದೆ ಸಂಸತ್ತು ಮಾಡಿದ್ದು. ಆ ಕಾಯ್ದೆಯಡಿ ಗುತ್ತಿಗೆ ಕೊಡುತ್ತಿದ್ದುದು ರಾಜ್ಯ ಸರ್ಕಾರ, ಕೇಂದ್ರದ ಒಪ್ಪಿಗೆ ಪಡೆದು. ಕಾಡಿನೊಳಗೆ ಅಗೆಯಬೇಕಾದರೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ಅನುಮತಿ ಬೇರೆ. ಅಂದರೆ ಶಾಸಕಾಂಗ ತನ್ನ ಕೆಲಸ ಮಾಡಿತ್ತು. ಕಾನೂನುಗಳು ಇದ್ದವು. ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಏರಿದಾಗ ಆ ಕಾನೂನುಗಳನ್ನು ಜಾರಿ ಮಾಡಬೇಕಾದ ಕೈಗಳು ಸಡಿಲವಾದವು. ಗುತ್ತಿಗೆಯ ಗಡಿ ದಾಟಿ ಅಗೆದರು. ಪರವಾನಗಿ ಇಲ್ಲದೆ ಸಾಗಿಸಿದರು. ಕರ್ನಾಟಕ ಆಂಧ್ರದ ಗಡಿ ಎಲ್ಲಿದೆ ಎಂಬುದನ್ನೇ ಸರ್ವೆ ಆಫ್ ಇಂಡಿಯಾ ಮತ್ತೆ ಅಳೆಯಬೇಕಾಗಿ ಬಂತು. 1953ರಲ್ಲಿ ಅಷ್ಟು ಜಗಳವಾಡಿ ಎಳೆದ ಗೆರೆ ಅದು.

ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ 2008ರಲ್ಲಿ ಒಂದು ವರದಿ ಕೊಟ್ಟರು. ಧಾರವಾಡದ ಸಮಾಜ ಪರಿವರ್ತನ ಸಮುದಾಯ 2009ರಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿತು. ಅದು ಹಾಕಿದ್ದು ನಾನು ಅಣ್ಣನಿಗೆ ಹೇಳಿದ ಅದೇ 32ನೇ ವಿಧಿಯಡಿ. ಮೂಲಭೂತ ಹಕ್ಕಿಗೆ ಧಕ್ಕೆ ಬಂದರೆ ನೇರವಾಗಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಬಹುದು ಎನ್ನುವ ವಿಧಿ ಅದು. 2011ರ ಜುಲೈ 27ರಂದು ಲೋಕಾಯುಕ್ತರ ಎರಡನೇ ವರದಿ ಬಂತು. 29ರಂದು ಕೋರ್ಟ್ ಗಣಿಗಾರಿಕೆ ನಿಲ್ಲಿಸಿತು. 31ರಂದು ಮುಖ್ಯಮಂತ್ರಿ ರಾಜೀನಾಮೆ ಕೊಟ್ಟರು. ಐದು ದಿನ. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಕೋರ್ಟ್ ಅಕ್ರಮದ ಪ್ರಮಾಣ ನೋಡಿ ಎ, ಬಿ, ಸಿ ಎಂದು ವಿಂಗಡಿಸಿದ್ದ ಗಣಿಗಳಲ್ಲಿ ಸಿ ವರ್ಗದವನ್ನು ರದ್ದು ಮಾಡಿತು. ಉಳಿದವು ಗುಡ್ಡದ ಗಾಯ ಮುಚ್ಚುವ ಯೋಜನೆ ಪಾಲಿಸಿ ಕೆಲಸ ಮಾಡಬಹುದಾಯಿತು. ಬಳ್ಳಾರಿ ಜಿಲ್ಲೆಯಿಂದ ವರ್ಷಕ್ಕೆ 2.5 ಕೋಟಿ ಟನ್ನಿಗಿಂತ ಹೆಚ್ಚು ತೆಗೆಯಬಾರದೆಂಬ ಮಿತಿಯೂ ಬಂತು.

ಸಂಡೂರಿನ ಗುಡ್ಡಗಳು ಇವತ್ತು ಒಂದಿಷ್ಟಾದರೂ ಹಸಿರಾಗಿ ಕಾಣುತ್ತಿದ್ದರೆ ಅದಕ್ಕೆ ಆ ಆದೇಶವೂ ಕಾರಣ. ಅದು ಸರಿಯಾದ ಆದೇಶ ಎಂದು ನಾನು ಅಂದೂ ನಂಬಿದ್ದೆ, ಇಂದೂ ನಂಬುತ್ತೇನೆ. ಆದರೆ ನಂಬುವವನ ಮನೆಯಲ್ಲಿ ಲಾರಿ ನಿಂತಿತ್ತು. ಸಾಲದ ಕಂತು ನಿಲ್ಲಲಿಲ್ಲ. ಅತ್ತಿಗೆಯ ಬಳೆಗಳು ಮೊದಲು ಹೋದವು, ಮರುವರ್ಷ ಲಾರಿ ಅರ್ಧ ಬೆಲೆಗೆ ಹೋಯಿತು. ನಮ್ಮ ಓಣಿಯಲ್ಲೇ ಇಂಥ ಮನೆಗಳು ಇನ್ನೂ ಇದ್ದವು. ಗುಡ್ಡ ಅಗೆದು ಕೋಟಿ ಮಾಡಿದವರ ಮನೆ ಅವಲ್ಲ.

ಬಹಳ ದಿನ ಯೋಚಿಸಿದ ಮೇಲೆ ನನಗೆ ಹೊಳೆದದ್ದು ಇಷ್ಟು. ಮೂರು ಅಂಗಗಳಿಗೆ ಮೂರು ಬಗೆಯ ಕೈಗಳಿವೆ. ಕಾರ್ಯಾಂಗದ ಕೈ ದಿನದಿನದ ಕೈ. ಚೆಕ್‌ಪೋಸ್ಟಿನಲ್ಲಿ ಒಂದು ಲಾರಿಯನ್ನು ನಿಲ್ಲಿಸಿ ಚೀಟಿ ನೋಡುವುದು, ಒಂದು ಗಣಿಯ ಗಡಿಗಲ್ಲು ಅಳೆಯುವುದು ಅದಕ್ಕೆ ಸಾಧ್ಯ. ನ್ಯಾಯಾಲಯದ ಕೈ ಹಾಗಲ್ಲ. ಅದಕ್ಕೆ ಖಜಾನೆಯಿಲ್ಲ, ಪೊಲೀಸಿಲ್ಲ, ಕೆಲಸ ಕಳೆದುಕೊಂಡವನಿಗೆ ಬೇರೆ ಕೆಲಸ ಕೊಡುವ ಇಲಾಖೆಯಿಲ್ಲ. ಯಾರಾದರೂ ಬಂದು ಕೇಳುವವರೆಗೆ ಅದು ಕಾಯಬೇಕು, ಕೇಳಿದ ಮೇಲೆ ಸಾಕ್ಷಿಗೆ ಕಾಯಬೇಕು. ಕೊನೆಗೆ ಮಾಡಿದಾಗ ಇಡೀ ಜಿಲ್ಲೆಯನ್ನೇ ಒಟ್ಟಿಗೆ ನಿಲ್ಲಿಸಬೇಕಾಗುತ್ತದೆ. ಒಂದು ಅಂಗ ತನ್ನ ಕೆಲಸ ಬಿಟ್ಟರೆ ಇನ್ನೊಂದು ಅದನ್ನು ಮಾಡುತ್ತದೆ, ಆದರೆ ತಡವಾಗಿ ಮತ್ತು ಒರಟಾಗಿ ಮಾಡುತ್ತದೆ. ಆ ತಡದ ಬೆಲೆ ತೆರುವವರು ಸಣ್ಣವರು. ಸರಿಯಾದ ಕಾಲಕ್ಕೆ ಚೆಕ್‌ಪೋಸ್ಟಿನ ಗೇಟು ಇಳಿದಿದ್ದರೆ ಅಣ್ಣ ಆ ಸಾಲವನ್ನೇ ಮಾಡುತ್ತಿರಲಿಲ್ಲ.

ಇನ್ನೊಂದು ಮಾತನ್ನೂ ಹೇಳಬೇಕು, ಇಲ್ಲದಿದ್ದರೆ ಈ ಬರಹ ಸುಳ್ಳಾಗುತ್ತದೆ. ಅಣ್ಣನ ಲಾರಿಯೂ ಹೊರಬೇಕಾದದ್ದಕ್ಕಿಂತ ಹೆಚ್ಚು ಹೊರುತ್ತಿತ್ತು. ಅವನ ಕೈಗೆ ಬರುತ್ತಿದ್ದ ಚೀಟಿ ಅಸಲಿಯೋ ನಕಲಿಯೋ ಎಂದು ಅವನು ಕೇಳಿರಲಿಲ್ಲ. ಆ ದುಡ್ಡಿನಲ್ಲಿ ಮನೆಗೆ ಬಂದ ಅಕ್ಕಿಯನ್ನು ಉಂಡ ನಾನೂ ಕೇಳಿರಲಿಲ್ಲ. ಗುಡ್ಡವನ್ನು ಅಗೆಯಲು ಅಧಿಕಾರ ಕೊಟ್ಟವರು ಯಾರು ಎಂಬ ಪ್ರಶ್ನೆ ನಮಗೆ ಮೊದಲೇ ಬರಬೇಕಿತ್ತು. ಲಾರಿ ನಿಂತ ಮೇಲೆ ಬಂತು.

ಹಾಗಾದರೆ ಎಲ್ಲರನ್ನೂ ಕೇಳುವ ಕೋರ್ಟನ್ನು, ಸಂವಿಧಾನವನ್ನೇ ತಿದ್ದಬಲ್ಲ ಸಂಸತ್ತನ್ನು ಕೇಳುವವರು ಯಾರು ಎಂದು ಹುಡುಗರು ಕೇಳುತ್ತಾರೆ. ಜಾಣ ಪ್ರಶ್ನೆ. ಇದಕ್ಕೆ ಉತ್ತರ ಬಂದದ್ದು ಕಾಸರಗೋಡಿನ ಎಡನೀರು ಮಠದ ಸ್ವಾಮೀಜಿಯೊಬ್ಬರು ಹೂಡಿದ ಮೊಕದ್ದಮೆಯಲ್ಲಿ. ಮಠದ ಭೂಮಿಯ ವಿಷಯವಾಗಿ ಕೇಶವಾನಂದ ಭಾರತಿಯವರು ಕೇರಳ ಸರ್ಕಾರದ ವಿರುದ್ಧ ಹೋದಾಗ ಸುಪ್ರೀಂ ಕೋರ್ಟಿನ 13 ನ್ಯಾಯಮೂರ್ತಿಗಳು ಕೂತು ಕೇಳಿದರು. 1973ರ ಏಪ್ರಿಲ್ 24ರಂದು 7 ಮಂದಿಯ ಬಹುಮತದಿಂದ ತೀರ್ಪು ಬಂತು: ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ. ಸ್ವಾಮೀಜಿಯವರು ಕೇಳಿದ್ದು ಅವರಿಗೆ ಸಿಗಲಿಲ್ಲ. ದೇಶಕ್ಕೆ ಸಿಕ್ಕಿತು. ಕೋರ್ಟಿನ ಮೇಲೂ ಹಿಡಿತಗಳಿವೆ. ಹೊಸ ಕಾನೂನು ಮಾಡಿ ತೀರ್ಪಿನ ಆಧಾರವನ್ನು ಶಾಸಕಾಂಗ ಬದಲಿಸಬಹುದು. ತಪ್ಪು ಮಾಡಿದ ನ್ಯಾಯಾಧೀಶರನ್ನು ತೆಗೆಯುವ ದಾರಿ ಸಂಸತ್ತಿನ ಕೈಯಲ್ಲಿದೆ. ಯಾರ ಮಾತೂ ಕೊನೆಯ ಮಾತಾಗದಂತೆ ಹೆಣೆದ ಬಲೆ ಇದು.

ಆ ತೀರ್ಪಿಗೆ ಸರಿಯಾಗಿ ಇಪ್ಪತ್ತು ವರ್ಷವಾದ ದಿನ, 1993ರ ಏಪ್ರಿಲ್ 24ರಂದು, ಪಂಚಾಯತಿಗಳಿಗೆ ಸಂವಿಧಾನದ ಮಾನ್ಯತೆ ಕೊಟ್ಟ 73ನೇ ತಿದ್ದುಪಡಿ ಜಾರಿಗೆ ಬಂತು. ಮರುತಿಂಗಳೇ ಕರ್ನಾಟಕದ ಪಂಚಾಯತ್ ರಾಜ್ ಕಾಯ್ದೆ ಜಾರಿಯಾಯಿತು. ಆಗ ಆ ಇಲಾಖೆಯ ಮಂತ್ರಿಯಾಗಿದ್ದವರು ಎಂ.ವೈ. ಘೋರ್ಪಡೆ, ಗುಡಿಯ ಬಾಗಿಲು ತೆರೆದ ಸಂಡೂರಿನ ಅರಸರ ಮಗ. ತಂದೆ ಕೃಪೆಯಿಂದ ಬಾಗಿಲು ತೆರೆದಿದ್ದರು. ಮಗ ಗ್ರಾಮಸಭೆಯ ಬಾಗಿಲನ್ನು ಕಾನೂನಿನಿಂದ ತೆರೆಯುವ ಕೆಲಸದಲ್ಲಿ ಪಾಲ್ಗೊಂಡರು. ನನಗೆ ಇದು ಈ ಸೀಮೆಯ ಇತಿಹಾಸದ ಬಹಳ ಚಂದದ ತಿರುವುಗಳಲ್ಲಿ ಒಂದು.

ಲಾರಿ ಮಾರಿದ ಮೇಲೆ ಅಣ್ಣ ಅತ್ತಿಗೆಯ ಊರಿಗೆ ಹೋದ. ಸಂಡೂರು ತಾಲ್ಲೂಕಿನ ಒಂದು ಹಳ್ಳಿ. ಎರಡು ಎಕರೆ ಹೊಲ, ಒಂದು ಸಣ್ಣ ಟೆಂಪೊ. ಕಳೆದ ವರ್ಷ ಗ್ರಾಮಸಭೆಗೆ ಹೋಗಿದ್ದನಂತೆ. ಗಣಿಯಿಂದ ಹಾಳಾದ ಊರುಗಳಿಗೆಂದು ಬರುವ ದುಡ್ಡಿನಲ್ಲಿ ಏನೇನು ಮಾಡುವುದೆಂದು ಪಟ್ಟಿ ಓದಿದರಂತೆ. ಪಟ್ಟಿಯಲ್ಲಿ ಕಮಾನು ಇತ್ತು, ಕುಡಿಯುವ ನೀರು ಇರಲಿಲ್ಲ. ಅಣ್ಣ ಎದ್ದುನಿಂತು ಕೇಳಿದನಂತೆ: "ಈ ಪಟ್ಟಿ ಮಾಡಾಕ ನಿಮಗ ಅಧಿಕಾರ ಕೊಟ್ಟೋರು ಯಾರು?"

"ಆಮೇಲೆ?" ಎಂದೆ.

"ಮುಂದಿನ ಸಭೆಗೆ ಹೇಳ್ತೀವಿ ಅಂದ್ರು."

"ನೀನು ಹೋಗ್ತೀಯಾ?"

"ಹೋಗದ ಏನ್ ಮಾಡ್ಲಿ, ನಾವ ಕೊಟ್ಟಿದ್ದಲ್ಲ ಅಧಿಕಾರ?" ಎಂದು ನಕ್ಕ.

ಹದಿಮೂರು ವರ್ಷಗಳ ಹಿಂದೆ ನಾನು ಕೊಡಲಾಗದ ಉತ್ತರವನ್ನು ಅವನೇ ಹೇಳಿದ್ದ.